ಸೂಜಿಗೆ ಅಂಜಿದ ನಮ್ಮ ಓಣಿ

ಸ್ವಲ್ಪ ಸನೇಕ ಬರ್ರಿ. ಹಂಗಲ್ಲ, ಇನ್ನೂ ಸನೇಕ. ಬಾಗಲಾ ಮುಂದಕ್ಕ ಮಾಡ್ರಿ. ನಾ ಇದನ್ನ ಹೇಳೇನಂತ ನಮ್ಮ ಎದುರು ಮನಿಯಾಕಿಗೆ ಗೊತ್ತಾಗಬಾರದು. ಆಕಿ ಕಿವಿ ಭಾಳ ಚುರುಕು, ಬಾಯಿ ಅದಕ್ಕಿಂತಾ ಚುರುಕು. ನಿಮ್ಮ ಅತ್ತಿಗೆ ಹೇಳಬ್ಯಾಡ್ರಿ, ಗಂಡಗ ಹೇಳಬ್ಯಾಡ್ರಿ, ನಳದ ಮುಂದ ಕೊಡಾ ಹಿಡಕೊಂಡು ನಿಂತಾಗಂತೂ ತುಟಿ ಬಿಚ್ಚಬ್ಯಾಡ್ರಿ. ಹೊಟ್ಟ್ಯಾಗ ಇಟಗೊಳ್ಳಾಕ ಆಗಲೇ ಇಲ್ಲಂದ್ರ ಹೇಳ್ರಿ, ಆದ್ರ ನನ್ನ ಹೆಸರ ತಗೀಬ್ಯಾಡ್ರಿ.

ಇಂಥಾವು ಇಳಕಲ್ಲಿನ ನಮ್ಮ ನೇಕಾರ ಓಣ್ಯಾಗ ಒಂದಿಲ್ಲೊಂದು ನಡದಽ ಇರ್ತಾವ. ಆದ್ರ ಆ ಆಪರೇಶನ್ ವರ್ಷ ನಡದಂಥಾವು ಮತ್ತ ನಡದಿಲ್ಲ, ನಡೀಲೂಬಾರದು. ಗಂಡಸರನ್ನ ಜೀಪಿನಾಗ ಹಾಕ್ಕೊಂಡು ಹೋಗಿ, ಮಕ್ಕಳಾಗದಂಗ ಕೊಯ್ದು ಕಳಸ್ತಾರಂತ ಊರ ತುಂಬ ಸುದ್ದಿ. ಬಸ್ಸಿನಾಗ ಬಂದಾವ್ರೆಲ್ಲಾ "ನಾವು ಕಣ್ಣಾರೆ ಕಂಡೇವಿ" ಅಂತಿದ್ರು. ಅದರ ನಡಕ ದವಾಖಾನಿಯವ್ರು ಮೈಲಿ ಬ್ಯಾನಿ ಸೂಜಿ ಅಂತ ಮನಿಮನಿಗೆ ಬರಾಕತ್ತಿದ್ರು. ಕೊಯ್ಯೂ ಸರಕಾರನೂ ಅದಽ, ಚುಚ್ಚೂ ಸರಕಾರನೂ ಅದಽ. ಯಾವ ಸೂಜ್ಯಾಗ ಏನ ತುಂಬ್ಯಾರಂತ ನಮಗ ಹೆಂಗ ತಿಳೀಬೇಕು? ಈಗಿನ ಹುಡುಗರು ಕೇಳಿ ನಗ್ತಾರ. ಅವತ್ತು ನಮಗ ನಗಿ ಬರ್ತಿರಲಿಲ್ಲ.

ನನಗ ಎಲ್ಲಾರಿಗಿಂತಾ ಒಂದ ಕೈ ಹೆಚ್ಚಿಗಿನ ಅಂಜಿಕಿ. ಮಗಳು ಬಾಣಂತನಕ್ಕ ಬಂದಿದ್ಲು. ಬಾದಾಮಿಗೆ ಕೊಟ್ಟಾಕಿ. ಮದುವ್ಯಾಗಿ ಎಷ್ಟೋ ವರ್ಷ ಹೊಟ್ಟಿ ತುಂಬಲಿಲ್ಲ, ಮಂದಿ ಕಡಿಂದ ಗೊಡ್ಡಿ ಅನ್ನಿಸ್ಕೊಂಡ್ಲು, ಕಡೀಕ ಒಂದು ಗಂಡು ಕೂಸು ಹಡದ್ಲು. ಅದರ ಬೆನ್ನಿಗೇ ಬೀಗತಿ ಹೇಳಿ ಕಳಸಿದ್ಲು: "ಕೂಸಿನ ಮೈಗೆ ಸರಕಾರದ ಸೂಜಿ ಮುಟ್ಟೀತಂದ್ರ ತಾಯಿ ಮಗ ಇಬ್ಬರನ್ನೂ ನೀವಽ ಇಟಗೋರಿ. ನಮ್ಮ ಹೊಸ್ತಲಾ ತುಳಸಬ್ಯಾಡ್ರಿ."

ಮಗಳದು ಬ್ಯಾರೇ ಹಟಾ. "ಯವ್ವಾ, ಹಾಕ್ಸೂಣು. ನಿನ್ನ ಮಾರಿ ಒಮ್ಮೆ ಕನ್ನಡ್ಯಾಗ ನೋಡ್ಕೊ" ಅಂತಿದ್ಲು. ನಾ ಸಣ್ಣಾಕಿದ್ದಾಗ ಮೈಲಿ ಬಂದು ಮಾರಿ ತುಂಬ ತಗ್ಗು ಬಿದ್ದಾವ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಅದರಾಗಽ ಹೋದ. ಅವನನ್ನ ಬಾಳಿ ಎಲಿ ಮ್ಯಾಲ ಮಲಗಿಸಿದ್ರು, ಅರಿವಿ ಹೊಚ್ಚಿದ್ರ ಚರ್ಮಾ ಅರಿವಿಗೆ ಬರ್ತಿತ್ತು. ಅದನ್ನ ನಾ ಮರತಿಲ್ಲ. ಬ್ಯಾನಿ ನೆನಸಿದ್ರ ಸೂಜಿ ಬೇಕು ಅನಸ್ತಿತ್ತು, ಬೀಗತಿ ನೆನಸಿದ್ರ ಬ್ಯಾಡ ಅನಸ್ತಿತ್ತು. ನಾ ಬೀಗತಿಗೇ ಅಂಜಿದ್ನಿ. ಯಾಕಂದ್ರ ಬ್ಯಾನಿ ಬರತೈತೋ ಇಲ್ಲೋ, ಬೀಗತಿ ಬರೂದಂತೂ ಖಾತ್ರಿ ಇತ್ತು.

ಮಗ್ಗದ ಕುಣಿ

ನಮ್ಮದು ಕುಣಿ ಮಗ್ಗ. ನೆಲದಾಗ ಕುಣಿ ತೋಡಿರ್ತಾರ, ನೇಯಾಂವ ಅದರಾಗ ಕಾಲು ಇಳಿಬಿಟ್ಟು ಕುಂಡ್ರತಾನ. ಆ ವರ್ಷ ಆ ಕುಣಿ ಕಾಲಿಗಷ್ಟಽ ಸಾಲಲಿಲ್ಲ, ಪೂರಾ ಗಂಡಸಿಗೇ ಬೇಕಾತು. ಜೀಪಿನ ಸಪ್ಪಳ ಕೇಳಿದ್ರ ಸಾಕು, ಓಣ್ಯಾಗಿನ ಲಾಳಿ ಎಲ್ಲಾ ಒಮ್ಮೆಲೇ ಗಪ್. ಗಂಡಸರು ಕುಣ್ಯಾಗ ಮುದ್ದಿ ಆಗಿ ಕುಂಡ್ರವ್ರು, ಹೆಂಗಸರು ಮ್ಯಾಲ ಕೌದಿ ಹೊಚ್ಚಿ, ಬಾಗಲದಾಗ ಜ್ವಾಳಾ ಹಸನ ಮಾಡ್ಕೋತ, ಏನೂ ಅರಿಯದಾವ್ರಂಗ ಕುಂಡ್ರವ್ರು.

ಒಂದಿನ ಮುಂಜಾನೆ ಜೀಪು ಬಂತು, ಮ್ಯಾಲ ಮೈಕು ಒದರಾಕತ್ತಿತ್ತು. ನಮ್ಮ ಯಜಮಾನ್ರು, ಆಗಲೇ ಬಾಯಾಗ ಹಲ್ಲು ಹುಡುಕಬೇಕಾಗಿತ್ತು ಅವರಿಗೆ, ಅವರೂ ಎಲ್ಲಾರಂಗ ಕುಣ್ಯಾಗ ಇಳದ್ರು. ನಾ ಬಾಗಲಾ ಸಂದ್ಯಾಗ ನೋಡಿದ್ನಿ. ನಾಟಕ ಕಂಪನಿಯವ್ರ ಗಾಡಿ. ಸಂಜಿಗೆ ಆಟಾ ಐತಿ, ಬರ್ರಿ ಬರ್ರಿ ಅಂತ ಕರಿಯಾಕತ್ತಿದ್ರು.

"ಮ್ಯಾಲ ಬರ್ರಿ, ನಾಟಕದವ್ರು" ಅಂದ್ನಿ.

ಕುಣ್ಯಾಗಿಂದ ಸಣ್ಣ ದನಿ ಬಂತು, "ನಿನಗ ತಿಳಿಯಂಗಿಲ್ಲ. ನಾಟಕದವ್ರಂಗ ಬಂದು ಹಿಡದು ಒಯ್ತಾರಂತ."

"ಗಾಡಿ ಆ ಮೂಲಿ ದಾಟಿತು, ಬರ್ರಿ."

"ತಿರಗಿ ಬರ್ತಾರ. ಕೌದಿ ಸರಿ ಹೊಚ್ಚು, ಮಂಡಿ ಕಾಣಾಕತ್ತೈತಿ."

ನನಗ ಸಿಟ್ಟು ನೆತ್ತಿಗೇರಿತು. ಒಲಿ ಮ್ಯಾಲ ರೊಟ್ಟಿ ಹತ್ತಾಕತ್ತಿತ್ತು, ತೊಟ್ಲದಾಗ ಕೂಸು ಅಳಾಕತ್ತಿತ್ತು. ಓಣಿಗೆಲ್ಲಾ ಕೇಳೂವಂಗ ಅಂದ್ನಿ: "ರೀ, ಮ್ಯಾಲ ಬರ್ರಿ ಸಾಕು! ಸರಕಾರಕ್ಕ ನಿಮ್ಮಿಂದ ಏನೂ ತ್ರಾಸಿಲ್ಲ. ಅದು ನನಗ ಗೊತ್ತೈತಿ!"

ಆಜು ಬಾಜು ಮನಿ ಕುಣ್ಯಾಗೆಲ್ಲಾ ಗಂಡಸರು ನಕ್ಕಿದ್ದು ಕೇಳಿತು. ಯಾರ್ಯಾರು ಅಡಗಿದ್ರು ಅನ್ನೂದು ನನಗ ಅವತ್ತಽ ಗೊತ್ತಾತು.

ಕುರಿಗೆ ಹಾಕೂ ಸೂಜಿ

ನರ್ಸಬಾಯಾರು ಪಾಪ ಒಳ್ಳ್ಯಾಕಿ. ಬಿಳೇ ಸೀರಿ, ಕೈಯಾಗ ಔಷಧದ ಡಬ್ಬಿ, ಬಿಸಲಾಗ ಓಣಿ ಓಣಿ ತಿರಗ್ತಿದ್ಲು. ಆಕಿ ಬಂದ್ಲಂದ್ರ ಹುಡುಗರೆಲ್ಲಾ ಮಾಳಿಗಿ ಏರಿ, ಮಾಳಿಗಿಂದ ಮಾಳಿಗಿಗೆ ಜಿಗದು, ಇನ್ನೊಂದ ಓಣ್ಯಾಗ ಇಳೀತಿದ್ವು. ನಾ ಕೂಸನ್ನ ಒಳಗಿನ ಖೋಲಿಗೆ ಹಾಕಿ, ಮಗಳನ್ನೂ ಒಳಗ ನೂಕಿ, ಬಾಗಲದಾಗ ನಾನಽ ನಿಲ್ತಿದ್ನಿ.

"ಯವ್ವಾ, ಕೂಸು ಎಲ್ಲೈತಿ?"

"ಯಾವ ಕೂಸ್ರಿ?"

ಒಳಗ ಕೂಸು ಅತ್ತಿತು.

"ಆ ಅಳೂ ಕೂಸವಾ."

"ಅದು ಬೆಕ್ಕ್ರಿ ಬಾಯಾರ."

"ನಿಮ್ಮ ಬೆಕ್ಕಿಗೆ ಯಾರೋ ಜೋಗುಳಾ ಹಾಡಾಕತ್ತಾರಲಾ" ಅಂದ್ಲು. ಮಗಳು ಬೇಕಂತನ ದೊಡ್ಡ ದನಿ ತಗದಿದ್ಲು, ಮಳ್ಳಿ!

ಆಮ್ಯಾಲ ನಾ ವಾದಕ್ಕ ಇಳದ್ನಿ. "ಬಾಯಾರ, ಮೈಲಿ ಬ್ಯಾನಿ ಈಗ ಎಲ್ಲೂ ಇಲ್ಲಂತ ನೀವಽ ಹೇಳ್ತೀರಿ. ಇಲ್ಲದ ಬ್ಯಾನಿಗೆ ಸೂಜಿ ಯಾಕ?"

"ಹೋದದ್ದು ತಿರಗಿ ಬರಬಾರದಂತವಾ."

"ನಮ್ಮತ್ತಿ ಹೋಗಿ ಎಷ್ಟೋ ವರ್ಷಾತು. ತಿರಗಿ ಬಂದಾಳಂತ ನಾ ಬಾಗಲಾ ಹಾಕ್ಕೊಂಡು ಕುಂತೇನೇನು?"

ಆಕಿ ನಕ್ಕು, ನಮ್ಮ ಕಟ್ಟಿ ಮ್ಯಾಲ ಕುಂತಿದ್ದ ಮುದುಕನ ಕಡೆ ತಿರಗಿದ್ಲು. ಅಂವ ಶಿರೂರು ಕಡೆ ಕುರಿ ಕಾಯಾಂವ, ಬೀರಪ್ಪನ ಭಕ್ತ, ಹಣಿ ತುಂಬ ಭಂಡಾರದ ಅರಿಷಿಣ. ಕಂಬಳಿ ಮಾರಾಕ ಬಂದಿದ್ದ. ಸೊಸಿ ಬಾಜೂಕ ಕುಂತಿದ್ಲು, ಉಡ್ಯಾಗ ಹಸಗೂಸು. ಬಾಯಾರ ಮಾತ ಕೇಳಿ ಅಂವ ಕಂಬಳಿ ತಗದು ಕೂಸು, ಸೊಸಿ ಇಬ್ಬರ ಮ್ಯಾಲೂ ಹೊಚ್ಚಿಬಿಟ್ಟ.

"ಯಜಮಾನ್ರ, ಕುರಿಗೆ ಸೂಜಿ ಹಾಕ್ಸೀರೇನು?" ಅಂತ ಕೇಳಿದ್ಲು ಬಾಯಾರು.

"ಹಾಕ್ಸಲಾರದಽ ಬಿಡ್ತೇನೇನ್ರಿ? ವರ್ಷಾ ಹಾಕಸ್ತೇನಿ. ಹಿಂಡಿಗೆ ಹಿಂಡಽ ಹೊಡಕೊಂಡು ಹೋಗಿ ಹಾಕಸ್ತೇನಿ."

"ಹಾಕಿಸಿದ ಮ್ಯಾಲ ಮರಿ ಆಗ್ಯಾವಿಲ್ಲೋ?"

"ಆಗ್ಯಾವ್ರಿ. ಅವಳಿ ಸೈತ ಆಗ್ಯಾವು."

"ಮತ್ತ ಮೊಮ್ಮಗಳಿಗೆ ಯಾಕ ಬ್ಯಾಡ?"

ಮುದುಕ ಗಡ್ಡಾ ತೀಡಿಕೊಂಡ. ಆಮ್ಯಾಲ ಡಬ್ಬಿ ಕಡೆ ಬಗ್ಗಿ ನೋಡಿ, ಮೆಲ್ಲಕ ಕೇಳಿದ, "ಒಂದ ಮಾತ ಖರೆ ಹೇಳ್ರಿ. ಇದು ಮನಶ್ಯಾರ ದವಾಖಾನಿ ಔಷಧೋ, ದನದ ದವಾಖಾನೀದೋ? ದನದ್ದಾದ್ರ ಹಾಕ್ರಿ. ಅದರ ಮ್ಯಾಲ ನನಗ ಭರೋಸಾ ಐತಿ."

ಬಾಯಾರು ಮಾರಿ ಸಡಲ ಬಿಡಲಿಲ್ಲ. "ಯಜಮಾನ್ರ, ಈ ಔಷಧಾ ಮಾಡೂದಽ ದನದ ಮೈ ಮ್ಯಾಲ" ಅಂದ್ಲು. ಅದು ಖರೆನೂ ಹೌದಂತ, ಆಮ್ಯಾಲ ಹೇಳಿದ್ರು. ಮುದುಕ ಕಂಬಳಿ ತಗದ, ಕೂಸಿನ ತೋಳು ಹಿಡದ, ಸೊಸಿ ತೋಳೂ ಹಿಡದ. ಕಡೀಕ ತನ್ನ ತೋಳೂ ಮುಂದ ಮಾಡಿದ. ಹೋಗೂವಾಗ ನನಗ ಹೇಳಿದ, "ನೀವೂ ಹಾಕಿಸಿರೆವಾ. ನಮ್ಮ ಕುರಿ ಒಂದೂ ಸತ್ತಿಲ್ಲ."

ಹುನಗುಂದಕ್ಕ ಅಳಾಕ ಹೋದದ್ದು

ಈಗ ಎದುರು ಮನಿಯಾಕಿ ಬಗ್ಗೆ ಹೇಳಬೇಕು. ನನಗಿಂತ ಸಣ್ಣಾಕಿ, ಎರಡು ಸಣ್ಣ ಹುಡುಗರ ತಾಯಿ, ನನಗ ಅಕ್ಕಾ ಅಂತಾಳ. ಬಳಿಗಾರ ಓಣಿಗೆ ಬಂದ್ರ ಆಕಿ ಬಾಗಲದಾಗ ಉಳದಾವ್ರ ಕಿಂತಾ ಹೆಚ್ಚು ಹೊತ್ತು ಕುಂಡ್ರತಿದ್ದ. ಯಾಕಂತ ನಾ ಹೇಳೂದಿಲ್ಲ, ನೀವಽ ತಿಳಕೋರಿ. ಆಕಿನಽ ಒಂದಿನ ಓಡಿಕೋತ ಬಂದ್ಲು.

"ಅಕ್ಕಾ, ಹುನಗುಂದದಾಗ ನಿಮ್ಮ ದೊಡ್ಡವ್ವನ ಮಗಳ ಕೂಸಿಗೆ ಸೂಜಿ ಹಾಕಿದ್ರಂತ."

"ಆಮ್ಯಾಲ?"

"ಕೈ ಬಾತು, ಜ್ವರಾ ಬಂದು, ಹ್ವಾತಂತ."

ನಾ ತೊಟ್ಲದಾಗಿನ ಕೂಸನ್ನ ಎತ್ತಿ ಎದಿಗೆ ಅವುಚಿಕೊಂಡ್ನಿ. ಅವತ್ತು ಮಗಳೂ ಕನ್ನಡಿ ಮಾತು ಎತ್ತಲಿಲ್ಲ.

ನಮ್ಮ ಕಡೆ ಸಾವಾದ ಮನಿಗೆ ಮಾತಾಡ್ಸಾಕ ಹೋಗೂದು ನಿಮಗ ಗೊತ್ತಲ್ಲ. ಮೂಲಿ ತಿರಗೂವಾಗಽ ದನಿ ತಗೀಬೇಕು, ಬಾಗಲದಾಗ ಆ ಮನಿಯಾಕಿ ಕೊರಳಿಗೆ ಬೀಳಬೇಕು, ಸತ್ತಾವ್ರ ಗುಣಾ ಆಡಿಕೋತ ಅಳಬೇಕು. ಆಕಿನೂ ಅಳಬೇಕು. ಏನಾತು, ಹೆಂಗಾತು ಅಂತ ಕೇಳೂದೆಲ್ಲಾ ಅತ್ತು ಸಮಾಧಾನ ಆದಮ್ಯಾಗ. ನಾವು ಓಣಿ ಹೆಂಗಸರು ಒಂದು ಹಿಂಡು ಬಸ್ಸು ಹತ್ತಿದ್ವಿ. ಹುನಗುಂದದಾಗ ಇಳದು, ಅವರ ಓಣಿ ಮೂಲಿ ತಿರಗಿ, ದನಿ ತಗದ್ವಿ.

ಆಕಿ ಅಂಗಳದಾಗ ಕೊಡಾ ತೊಳ್ಯಾಕತ್ತಿದ್ಲು. ನಮ್ಮನ್ನ ನೋಡಿದ್ಲು, ಕೊಡಾ ಬಿಟ್ಲು, "ಅಯ್ಯಯ್ಯೋ" ಅಂತ ಎದಿ ಬಡಕೊಂಡು ನನ್ನ ಕೊರಳಿಗೆ ಬಿದ್ಲು. ಎಲ್ಲಾರೂ ಸುತ್ತ ಕುಂತು ಅತ್ತಽ ಅತ್ವಿ. "ಬಂಗಾರದಂಥ ಕೂಸ, ಎಲ್ಲಿ ಹ್ವಾದೆಪ್ಪಾ" ಅಂತ ನಾ. "ನನ್ನ ಹಡದವ್ವಾ, ಹೇಳದಽ ಹ್ವಾದ್ಯಲ್ಲಾ" ಅಂತ ಆಕಿ. ಆಜುಬಾಜುದವ್ರು ಬಂದ್ರು, ಅವರೂ ಶುರು ಮಾಡಿದ್ರು. ಒಬ್ಬಾಕಿ ಮುದುಕಿ ಅಂತೂ ಬಾಯಿಗೆ ಸೆರಗು ಹಚ್ಚಿ ಎಲ್ಲಾರ ಕಿಂತಾ ಜೋರು.

ಎದುರು ಮನಿಯಾಕಿ ನನ್ನ ಪಕ್ಕಾ ಚಿವುಟಿದ್ಲು. "ಅಕ್ಕಾ, ನಾವು ಕೂಸಿಗೆ ಅಳಾಕತ್ತೇವಿ. ಆಕಿ ಅವ್ವಗ ಯಾಕ ಅಳಾಕತ್ತಾಳ?"

ಅಷ್ಟರಾಗ ಒಳಗಿಂದ ಕೂಸು ಅಂಬೆಗಾಲಿಕ್ಕಿ ಬಂತು. ಒಂದ ಕೈಯಾಗ ರೊಟ್ಟಿ ಚೂರು. ಇನ್ನೊಂದ ತೋಳ ಮ್ಯಾಲ ಸೂಜಿ ಗಾಯ, ಜರಾ ಬಾತಿತ್ತು, ಅಷ್ಟಽ. ನಮ್ಮನ್ನೆಲ್ಲಾ ನೋಡಿ ನಕ್ಕಿತು. ನಾವೆಲ್ಲಾ ಅರ್ಧಾ ದನ್ಯಾಗ ನಿಂತ್ವಿ.

"ಇದು ಅದಽ?" ಅಂದ್ನಿ.

"ಅದಲ್ಲಽ ಮತ್ತ? ನಮ್ಮವ್ವ ಯಾವಾಗ ಹ್ವಾದ್ಲು ಅದನ್ನ ಹೇಳ್ರಿ" ಅಂತ ಆಕಿ ಕಣ್ಣೊರಸಿಕೊಂಡು ಕೇಳಿದ್ಲು.

"ದೊಡ್ಡವ್ವಗ ಏನಾಗೇತಿ? ಮೊನ್ನೆ ನಮ್ಮ ಇಳಕಲ್ಲ ಸಂತ್ಯಾಗ ಕಂಡಿದ್ಲು. ಗಟ್ಟಿ ಅದಾಳ."

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಆ ಮುದುಕಿ ಮಾತ್ರ ಇನ್ನೂ ಬಿಕ್ಕಾಕತ್ತಿದ್ಲು. "ಯಮ್ಮಾ, ಸಾಕು ಮಾಡು, ಯಾರೂ ಸತ್ತಿಲ್ಲ. ನೀ ಯಾರಿಗೆ ಅಳಾಕತ್ತಿ?" ಅಂತ ಕೇಳಿದ್ರ, ಮೂಗು ಒರಸಿಕೋತ ಅಂದ್ಲು: "ನನಗೇನ ಗೊತ್ತವಾ? ಮಂದಿ ಪಾಪ ಬಸ್ಸಿಗೆ ರೊಕ್ಕಾ ಕೊಟ್ಟು ಬಂದು ಅಳಾಕತ್ತಾರ, ಬಾಜೂ ಮನಿಯಾಕಿ ಸುಮ್ಮ ನಿಂತ್ರ ಚೊಲೊ ಕಾಣತೈತೇನು?"

ತಿರಗಿ ಊರಿಗೆ ಬಂದ್ವಿ. ಕೂಸು ಜೀವಂತ ಐತಿ, ರೊಟ್ಟಿ ತಿನ್ನಾಕತ್ತೈತಿ ಅಂತ ಓಣಿಗೆಲ್ಲಾ ಹೇಳಿದ್ವಿ. ಕೇಳಿದಾವ್ರು ಏನಂದ್ರು ಗೊತ್ತೇನು? "ಸತ್ತಿಲ್ಲಾಂದ್ರ ಏನಾತು, ಸಾಯಬೇಕಂತ ಅಂತೂ ಮಾಡಿತ್ತಲ್ಲ!" ಸುದ್ದಿಗೆ ಒಮ್ಮೆ ಕಾಲು ಬಂತಂದ್ರ ಅದನ್ನ ನಿಲ್ಲಸಾಕ ಜೀವಂತ ಕೂಸಿನ ಕೈಲೂ ಆಗಂಗಿಲ್ಲ.

ಬನಶಂಕರಿಗೆ ಎರಡು ಹರಕಿ

ಹುನಗುಂದದ ಕೂಸನ್ನ ಕಣ್ಣಾರೆ ಕಂಡಮ್ಯಾಗ ಮಗಳು ಮತ್ತ ಗಂಟ ಬಿದ್ಲು. "ಯವ್ವಾ, ಈಗರ ಹಾಕ್ಸೂಣು."

"ನಿಮ್ಮತ್ತಿಗೆ ಯಾರ ಜವಾಬ ಕೊಡೂದು?"

"ನಾ ಕೊಡ್ತೇನಿ."

"ನೀ ಕೊಟ್ಟು, ಗಂಟು ಕಟಗೊಂಡು ತಿರಗಿ ಇಲ್ಲೇ ಬರ್ತಿ. ಓಣಿ ಮಂದಿ ನನ್ನ ಹಿಂದ ಏನ ಆಡ್ಕೋತಾರ ಗೊತ್ತೈತೇನು?" ಅಂದ್ನಿ. ಮಂದಿ ಬಗ್ಗೆ ನಾ ಏನ ಆಡ್ಕೋತಿದ್ನಿ ಅದು ನನಗ ಗೊತ್ತಿತ್ತು, ಅದಕ್ಕ ಅಂಜಿಕಿ.

ಮಗಳು ಮಾತು ಬಿಟ್ಲು. ಊಟಾ ಬಿಟ್ಲು. ಎದಿ ಹಾಲು ಕಮ್ಮಿ ಆಗಿ ಕೂಸು ಕಿರಿಕಿರಿ ಮಾಡಾಕತ್ತಿತು. ನಾ ದೇವರ ಜಗಲಿ ಮುಂದ ಕೈ ಮುಗದ್ನಿ: "ಬನಶಂಕರಿ ತಾಯಿ, ಕೂಸಿಗೆ ಸೂಜಿ ಮುಟ್ಟದಂಗ ಬಾದಾಮಿಗೆ ಮುಟ್ಟಿಸಿಬಿಡು, ನಿನಗ ಇಳಕಲ್ಲ ಸೀರಿ ಉಡಸ್ತೇನಿ." ಹಿಂದ ತಿರಗಿ ನೋಡಿದ್ರ ಮಗಳೂ ಕೈ ಮುಗದು ನಿಂತಾಳ.

"ನೀ ಏನ ಬೇಡಿಕೊಂಡಿ?"

"ಅವ್ವಗ ಬುದ್ಧಿ ಕೊಡು, ಕೂಸಿಗೆ ಸೂಜಿ ಕೊಡಿಸು, ನಿನಗ ಇಳಕಲ್ಲ ಸೀರಿ ಉಡಸ್ತೇನಿ ಅಂತ."

ಇಬ್ಬರದೂ ಜಗಳಾ ಶುರುವಾತು. ಮೊದಲ ಬೇಡಿಕೊಂಡಾಕಿ ನಾನು, ದೇವಿ ನನ್ನ ಮಾತಽ ಕೇಳಬೇಕು ಅಂತ ನಾ. "ನಾ ಬಾದಾಮಿ ಸೊಸಿ, ಬನಶಂಕರಿ ನಮ್ಮ ಮನಿ ಬಾಜೂಕಿನ ದೇವಿ, ನನ್ನ ಮಾತಽ ಕೇಳ್ತಾಳ" ಅಂತ ಆಕಿ. ನಮ್ಮ ಯಜಮಾನ್ರು ಮಗ್ಗದ ಕುಣ್ಯಾಗಿಂದ ತಲಿ ಎತ್ತಿ, ಲಾಳಿ ಕೈಯಾಗ ಹಿಡಕೊಂಡು ಅಂದ್ರು, "ಇಬ್ಬರೂ ಬಾಯಿ ಮುಚ್ಚಿರಿ. ಯಾರ ಹರಕಿ ಫಲಿಸಿದ್ರೂ ಆ ಸೀರಿ ನೇಯಾಂವ ನಾನಽ ಅಲಾ?"

ಬೇವಿನ ತಪ್ಪಲಾ

ನಾಳೆ ದೊಡ್ಡ ಡಾಕ್ಟರು ಬರ್ತಾರ, ಯಾರನ್ನೂ ಬಿಡೂದಿಲ್ಲ ಅಂತ ಸುದ್ದಿ ಬಂತು. ನನಗ ಒಂದ ಉಪಾಯ ಹೊಳೀತು. ಮನ್ಯಾಗ ಮೈಲಿ ಬ್ಯಾನಿ ಬಂದ್ರ ನಾವು ಅದನ್ನ ಹೆಸರ ಹಿಡದು ಕರ್ಯಂಗಿಲ್ಲ, ತಾಯಿ ಬಂದಾಳ ಅಂತೇವಿ. ತಾಯಿ ಬಂದ ಮನಿ ಬಾಗಲಿಗೆ ಬೇವಿನ ತಪ್ಪಲಾ ಕಟ್ತೇವಿ. ಅದನ್ನ ಕಂಡ್ರ ಹೊರಗಿನಾವ್ರು ಯಾರೂ ಒಳಗ ಬರೂದಿಲ್ಲ. ಮನ್ಯಾಗ ಒಗ್ಗರಣಿ ಹಾಕಂಗಿಲ್ಲ, ಮಗ್ಗಾ ಆಡ್ಸಂಗಿಲ್ಲ. ನಾ ಸಣ್ಣಾಕಿದ್ದಾಗ ಆ ತಪ್ಪಲಾ ಕಂಡು ಊರ ಗೌಡ್ರ ಸೈತ ಹಿಂದಕ್ಕ ಸರದು ಹೋಗಿದ್ರು. ನರ್ಸಬಾಯಾರು ಯಾವ ಲೆಕ್ಕ?

ಬೇವಿನ ಟೊಂಗಿ ತಂದು ಬಾಗಲಿಗೆ ಕಟ್ಟಿದ್ನಿ. ತಂಬಿಗ್ಯಾಗ ಅರಿಷಿಣ ನೀರು ಮಾಡಿ ಹೊಸ್ತಲದಾಗ ಇಟ್ನಿ. ಕೂಸಿನ ಮೈ ಮ್ಯಾಲ ನಾಕಾರು ಕೆಂಪು ಗುಳ್ಳಿನೂ ಇದ್ವು, ದೇವರಽ ಕೊಟ್ಟಂಗ. ಯಜಮಾನ್ರು "ಲಗ್ನದ ಸೀರಿ ಅರ್ಧಾ ಆಗೇತಿ, ಮಗ್ಗಾ ಬಂದ್ ಮಾಡಂದ್ರ ಹೆಂಗ?" ಅಂತ ಗೊಣಗಿದ್ರು. ನಾ ಲಾಳಿ ಕಸಗೊಂಡು ಜಗಲಿ ಮ್ಯಾಲ ಇಟ್ನಿ. ಮಗಳು ಕೂಸಿನ ಪಕ್ಕ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು.

ಓಣಿ ಹೆದರಿತು. ಖರೇನ ಹೆದರಿತು. ಹೆಂಗಸರು ದೂರಿಂದ ಕೈ ಮುಗದು, ಮೊಸರನ್ನದ ಗಂಗಾಳ ಬಾಗಲಾ ಮುಂದ ಇಟ್ಟು ಓಡಿ ಹೋದ್ರು. ಎದುರು ಮನಿಯಾಕಿ ಎರಡೂ ಹುಡುಗರನ್ನ ಸೆರಗಿನಾಗ ಮುಚ್ಚಿಕೊಂಡು ನಮ್ಮ ಬಾಗಲಾ ನೋಡ್ಕೋತ ನಿಂತಿದ್ಲು. "ಅಕ್ಕಾ, ಖರೇನ ತಾಯಿ ಬಂದಾಳೇನು?" ಅಂತ ಕೇಳಿದ್ಲು. "ಬಂದಾಳವಾ" ಅಂದ್ನಿ. ಆಕಿ ಬಾಗಲಾ ಹಾಕ್ಕೊಂಡ್ಲು.

ಮರುದಿನ ಜೀಪು ಬಂತು. ಅದರ ಹಿಂದ ಇನ್ನೊಂದು. ಹುನಗುಂದದಿಂದ ಬಂದಾವ್ರು, ಬಾಗಲಕೋಟಿಂದ ಬಂದಾವ್ರು, ಕನ್ನಡಕದ ದೊಡ್ಡ ಡಾಕ್ಟರು. ನನಗೇನ ಗೊತ್ತು? ಆ ಬ್ಯಾನಿ ಎಲ್ಯರ ಉಳದೈತೇನು ಅಂತಽ ಅವರು ಊರೂರು ಹುಡಕಾಕತ್ತಿದ್ರಂತ. ಬೇವಿನ ತಪ್ಪಲಾ ಕಂಡು ಎಲ್ಲಾರೂ ಹಿಂದಕ್ಕ ಹೋಗ್ತಾರಂತ ನಾ ಕಟ್ಟಿದ್ರ, ಅವರು ಅದನ್ನಽ ಹುಡಕ್ಕೋತ ಬಂದಿದ್ರು! ಓಣಿ ಎರಡೂ ಕಡೆ ಮಂದಿ ನಿಲ್ಲಿಸಿದ್ರು. ಸೂಜಿ ಹಾಕಿಸ್ಕೊಳ್ಳದಽ ಯಾರೂ ಹೊರಗ ಹೋಗಂಗಿಲ್ಲ ಅಂದ್ರು. ಮಾಳಿಗಿ ಮ್ಯಾಲಿನ ಹುಡುಗರನ್ನ ಇಳಿಸಿದ್ರು, ಕುಣ್ಯಾಗಿನ ಗಂಡಸರನ್ನ ಎಳದು ಕೂಡಿಸಿದ್ರು. ಮೂಲಿ ಮನಿ ಜ್ವಾಳದ ಖೋಲ್ಯಾಗ ಬಳಿಗಾರ ಸಿಕ್ಕ. ಆ ಮನಿ ಗಂಡಸು ಊರಾಗಽ ಇರಲಿಲ್ಲ!

"ನಿಮ್ಮ ಮನಿ ಯಾವುದು?" ಅಂತ ಡಾಕ್ಟರು ಕೇಳಿದ್ರ, ಅಂವ ತಲಿ ಕೆರಕೊಂಡು, "ಸದ್ಯಕ್ಕ ಇದಽ ಅಂತ ತಿಳಕೋರಿ" ಅಂದ. ನಾ ಅಲ್ಲೀತನಕ ಸುಮ್ಮಸುಮ್ಮನ ಎದುರು ಮನಿಯಾಕಿ ಮ್ಯಾಲ ಕಣ್ಣಿಟ್ಟಿದ್ನಿ.

ಡಾಕ್ಟರು ನಮ್ಮ ಹೊಸ್ತಲಾ ದಾಟೂದಕ್ಕೂ, ಓಣಿ ತುದ್ಯಾಗ ಬೀಗತಿ ಕಾಣೂದಕ್ಕೂ ಸರಿ ಆತು. ತಾಯಿ ಬಂದ ಸುದ್ದಿ ಬಸ್ಸು ಹತ್ತಿ ಬಾದಾಮಿ ಮುಟ್ಟಿತ್ತು. ಕಾಲಾಗ ಒಂದಽ ಚಪ್ಪಲಿ, ತಲಿ ಮ್ಯಾಲ ಸೆರಗಿಲ್ಲ. ಬೇವಿನ ತಪ್ಪಲಾ ನೋಡಿದಾಕಿನ ಬಾಗಲದಾಗ ಕುಸದು ಬಿದ್ಲು.

"ನನ್ನ ಮೊಮ್ಮಗಾ! ಸೂಜಿ ಯಾಕ ಹಾಕ್ಸಲಿಲ್ಲ? ಊರಿಗೆಲ್ಲಾ ಹಾಕಾಕತ್ತಿದ್ರು, ನಿಮಗೇನ ಆಗಿತ್ತು?"

"ಬ್ಯಾಡಂತ ನೀವಽ ಹೇಳಿ ಕಳಸಿದ್ರಲಾ ಬೀಗತೆವ್ವಾ!"

"ನಾ ಸಾವಿರಾ ಹೇಳ್ತೇನಿ! ಮೈಲಿ ಬಂದ ಮಾರಿ ನಿಮ್ಮದು, ನಿಮಗ ಬುದ್ಧಿ ಇರಲಿಲ್ಲೇನು?"

ನಾ ಸೆರಗಿನಿಂದ ಮಾರಿ ಮುಚ್ಚಿಕೊಂಡ್ನಿ. ಒಳಗ ಡಾಕ್ಟರು ಕೂಸನ್ನ ಬೆಳಕಿಗೆ ಹಿಡದು, ಹೊಟ್ಟಿ, ಬೆನ್ನು, ಅಂಗಾಲು ನೋಡಾಕತ್ತಿದ್ರು. ಇಡೀ ಓಣಿ ಬಾಗಲಾ ಮುಂದ ನಿಂತಿತ್ತು. ಡಾಕ್ಟರು ಹಾಸಿಗಿ ಎತ್ತಿ ಕೆಳಗ ನೋಡಿದ್ರು. ಆಮ್ಯಾಲ ಎಲ್ಲಾರಿಗೂ ಕೇಳೂವಂಗ ಅಂದ್ರು: "ಇದು ಮೈಲಿ ಅಲ್ಲವಾ. ತಗಣಿ ಕಡದಾವ. ಮನಿ ತುಂಬ ತಗಣಿ ಇಟಗೊಂಡೀರಿ."

ಅಯ್ಯೋ ಶಿವನ! ಉಳದಾವ್ರ ಹಾಸಿಗ್ಯಾಗಿನ ತಗಣಿ ಲೆಕ್ಕಾ ಹೇಳಾಕಿ ನಾನು. ನನ್ನ ಹಾಸಿಗಿ ಸುದ್ದಿ ಇಡೀ ಜಿಲ್ಲಾ ಡಾಕ್ಟರ ಮುಂದ ಓಣಿಗೆ ಬಿತ್ತು.

ಬೀಗತಿ ನಗಬೇಕೋ ಅಳಬೇಕೋ ತಿಳೀದಽ ಎದ್ದು ನಿಂತ್ಲು. ಕುಪ್ಪಸದ ತೋಳು ಮ್ಯಾಲ ಸರಸಿ, "ಮೊದಲ ನನಗ ಹಾಕ್ರಿ, ನಾ ನೋಡ್ತೇನಿ" ಅಂದ್ಲು. ಹಾಕಿದ್ರು. ತುದಿಗೆ ಎರಡು ಹಲ್ಲಿದ್ದ ಸಣ್ಣ ಸೂಜಿ, ಟಕಟಕ ಚುಚ್ಚಿದ್ರು. ಆಕಿ ಕಣ್ಣು ಮುಚ್ಚಿ ಜೀವಾ ಹೋಗತೈತೇನಂತ ಕಾದ್ಲು. ಹೋಗಲಿಲ್ಲ. ಕಣ್ಣು ತಗದು, ಕೂಸನ್ನ ತಾನಽ ಎತ್ತಿಕೊಂಡು ಅದರ ತೋಳು ಮುಂದ ಮಾಡಿದ್ಲು. ಮಗಳು ಅತ್ತಿ ಭುಜಕ್ಕ ತಲಿ ಇಟ್ಟು ಬಿಕ್ಕಿ ಬಿಕ್ಕಿ ಅತ್ಲು. ಕೂಸು ಒಮ್ಮೆ ಕಿಟಾರನೆ ಚೀರಿ ಸುಮ್ಮಾತು. ನಮ್ಮ ಯಜಮಾನ್ರು ಚೀರಿದ್ದು ಮಾತ್ರ ಬಸ್ ಸ್ಟ್ಯಾಂಡಿಗೆ ಕೇಳಿತು.

ಜೀಪು ಹೋದ್ವು. ಒಂದೆರಡು ದಿನಕ್ಕ ಓಣ್ಯಾಗಿನ ತೋಳೆಲ್ಲಾ ಬಾತು, ಮಗ್ಗಾ ನಿಂತ್ವು, ಎಲ್ಲಾರೂ ನನ್ನ ಮನಿ ಕಡೆ ನೋಡಿ ಹಲ್ಲು ಕಡ್ಯಾಕತ್ತಿದ್ರು. ನನಗೂ ತಡೀಲಿಲ್ಲ. ಸೊಂಟಕ್ಕ ಸೆರಗು ಸಿಗಸಿ ನಡು ಓಣ್ಯಾಗ ನಿಂತು ಒದರಿದ್ನಿ: "ನಮ್ಮ ಮನ್ಯಾಗ ತಾಯಿ ಬಂದಾಳಂತ ಯಾವ ಮನಿಹಾಳಿ ಹೋಗಿ ದವಾಖಾನಿಗೆ ಹೇಳಿದ್ದು? ಹೊರಗ ಬಾ!"

ಎದುರು ಬಾಗಲಾ ತಗೀತು. ಬಾತ ತೋಳು ಹಿಡಕೊಂಡು ಆಕಿ ಹೊರಗ ಬಂದ್ಲು. ಮಾಳಿಗಿ ಮ್ಯಾಲ, ಕಟ್ಟಿ ಮ್ಯಾಲ ಇದ್ದಾವ್ರೆಲ್ಲಾ ಕೇಳೂವಂಗ, ನನ್ನ ಮಾರಿಗೆ ಮಾರಿ ಕೊಟ್ಟು ಅಂದ್ಲು:

"ನಾನಽ ಹೇಳೇನಿ ಅಕ್ಕಾ. ತಾಯಿ ಬಂದಾಳಂದಿ, ನನಗ ಎರಡು ಹುಡುಗರ ಅದಾವು, ಓಡಿ ಹೋಗಿ ಹೇಳಿದ್ನಿ. ಡಾಕ್ಟರ್ರಿಗೆ ಇನ್ನೂ ಒಂದ ಮಾತು ಕೇಳೇನಿ. ಬಂದಾವ್ರು ಬಂದೀರಿ, ಈಕಿ ನಾಲಿಗಿಗೂ ಒಂದು ಹಾಕಿ ಹೋಗ್ರಿ, ನಮ್ಮ ಓಣ್ಯಾಗ ಅದು ಹಬ್ಬಿದಷ್ಟು ಯಾವ ಬ್ಯಾನಿನೂ ಹಬ್ಬಿಲ್ಲ ಅಂದ್ನಿ. ಅದಕ್ಕ ಇನ್ನೂ ಔಷಧಾ ಹುಟ್ಟಿಲ್ಲಂತ. ಹುಟ್ಟೂತನಕ ನಿನ್ನ ಬಾಗಲಾಗಿನ ಬೇವಿನ ತಪ್ಪಲಾ ಬಿಚ್ಚಬ್ಯಾಡ ಅಂತ ಹೇಳ್ಯಾರ."